ಕರಿ ಬೊಟ್ಟಿನೊಳಗೆ 1983

ಎರ್ನಾಕುಳಂನ ಮರೈನ್ ಡ್ರೈವ್ ಬಳಿಯ ಪೆಂಟಾ ಮೇನಕಾ ಕಟ್ಟಡವೆಂದರೆ ಮೊಬೈಲು ಮತ್ತು ಅದರ ಬಿಡಿಭಾಗಗಳ ದೊಡ್ಡ ಸಂತೆ. ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡಿಗರಿಗೆ ಅದರ ಪರಿಚಯವಾಗುವುದು ಬಹುಪಾಲು ಹೈಕೋರ್ಟಿನ ಕೃಪೆಯಿಂದ. ಜಾಗದ ತಕರಾರಿಗೆ ಮತ್ತೊಂದು ತಾರೀಕು ಬಿದ್ದಿರುತ್ತದೆ, ಊರಿನ ರೈಲಿಗೆ ಇನ್ನೂ ಹೊತ್ತಿರುತ್ತದೆ, ಬರಿಗೈಯಲ್ಲಿ ಹೋದರೆ ಮನೆಯ ಮಕ್ಕಳು ಬಿಡುವುದಿಲ್ಲ. ಗಾಜಿನ ಕಪಾಟಿನಲ್ಲಿ ಚಾರ್ಜರು, ಇಯರ್‌ಫೋನುಗಳ ನಡುವೆ ಅಂಗೈಗೆ ಹಿಡಿಸುವ ಆಟದ ಪೆಟ್ಟಿಗೆ ಕಣ್ಣಿಗೆ ಬೀಳುತ್ತದೆ. ಡಬ್ಬದ ಮೇಲೆ ‘ಸಪ್’ ಎಂಬ ಹೆಸರು, ‘400 ಇನ್ 1’ ಎಂಬ ಘೋಷಣೆ. ಸೆಕ್ರೆಟೇರಿಯಟ್ಟಿನ ಕೆಲಸಕ್ಕೆಂದು ತಿರುವನಂತಪುರಕ್ಕೆ ಹೋದವರಿಗೆ ಚಾಲೈ ಬಜಾರಿನ ಕಡೆ ಇಂಥದೇ ಮಾಲು ಸಿಕ್ಕೀತು. ಬೆಲೆ ಚೌಕಾಸಿಗೆ ತಕ್ಕಂತೆ ಐನೂರರಿಂದ ಸಾವಿರದ ಆಸುಪಾಸು. ಹೆಚ್ಚುಕಡಿಮೆ ಅದೇ ಅಳತೆಯ, ಅದೇ ಹಳೆಯ ಆಟಗಳಿರುವ ಇನ್ನೊಂದು ಬಗೆಯ ಪೆಟ್ಟಿಗೆಯೂ ಪೇಟೆಯಲ್ಲಿದೆ. ಅದಕ್ಕೆ ನಾಲ್ಕೈದು ಸಾವಿರ, ಕೆಲವಕ್ಕೆ ಅದಕ್ಕೂ ಹೆಚ್ಚು.

ಅಗ್ಗದ್ದನ್ನು ಡೂಪ್ಲಿಕೇಟ್, ತುಟ್ಟಿಯದನ್ನು ಒಳ್ಳೆಯ ಮಾಲು ಎನ್ನುವುದು ರೂಢಿ. ಬಿಚ್ಚಿ ಒಳಗಿನ ಎಲೆಕ್ಟ್ರಾನಿಕ್ಸ್ ನೋಡಿದರೆ ಈ ಲೆಕ್ಕ ತಿರುವುಮುರುವಾಗುತ್ತದೆ.

ಅಗ್ಗದ ಪೆಟ್ಟಿಗೆಯ ಹಿಂಬದಿಯ ಸ್ಕ್ರೂಗಳನ್ನು ತೆಗೆದರೆ ಹಸಿರು ಬೋರ್ಡು, ಅದರ ನಡುವೆ ಮಗುವಿನ ಕೆನ್ನೆಗಿಟ್ಟ ದೃಷ್ಟಿಬೊಟ್ಟಿನಂತೆ ಒಂದು ಕಪ್ಪು ಉಬ್ಬು. ಕಾಲುಗಳಿರುವ ಚಿಪ್ಪುಗಳ ಸಾಲನ್ನು ನಿರೀಕ್ಷಿಸಿದವರಿಗೆ ನಿರಾಶೆಯೇ. ಆ ಬೊಟ್ಟು ಎಪಾಕ್ಸಿ ಅಂಟು. ಅದರ ಕೆಳಗೆ ಕೆಲವೇ ಮಿಲಿಮೀಟರು ಅಗಲದ ಸಿಲಿಕಾನ್ ಚೂರನ್ನು ನೇರವಾಗಿ ಬೋರ್ಡಿಗೇ ಅಂಟಿಸಿ, ಕೂದಲಿಗಿಂತ ತೆಳುವಾದ ತಂತಿಗಳಿಂದ ಹೊಲಿದಿರುತ್ತಾರೆ. ಪ್ಲಾಸ್ಟಿಕ್ ಕವಚ, ಲೋಹದ ಕಾಲು ಎಲ್ಲದರ ಖರ್ಚು ಉಳಿಯಿತು. ಗೋಡೆ ಗಡಿಯಾರ, ಕ್ಯಾಲ್ಕುಲೇಟರುಗಳಲ್ಲೂ ಇದೇ ಉಪಾಯ. ಕೆಟ್ಟರೆ ರಿಪೇರಿಯಿಲ್ಲ ಎನ್ನುವುದು ಈ ಉಪಾಯದ ಇನ್ನೊಂದು ಮುಖ.

ಬೊಟ್ಟಿನ ಕೆಳಗಿರುವುದು 1983ರ ಜುಲೈ 15ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ಯಂತ್ರ. ನಿಂಟೆಂಡೊ ಕಂಪನಿಯ ಫ್ಯಾಮಿಕಾಂ ಅದರ ಹೆಸರು, ಹೊರದೇಶಗಳಲ್ಲಿ ಎನ್‌ಇಎಸ್. ಮಸಾಯುಕಿ ಉಯೆಮುರಾ ಅದರ ಶಿಲ್ಪಿ. 1975ರಲ್ಲಿ ಕೇವಲ 25 ಡಾಲರಿಗೆ ಮಾರಾಟವಾಗಿ ಕಂಪ್ಯೂಟರ್ ಲೋಕವನ್ನೇ ಅಲ್ಲಾಡಿಸಿದ 6502 ಎಂಬ ಪ್ರೊಸೆಸರಿನ ತಳಿ ಅದರ ಮಿದುಳು. ವೇಗ ಸೆಕೆಂಡಿಗೆ ಸುಮಾರು 18 ಲಕ್ಷ ಬಡಿತ, ಅಂದರೆ 1.79 ಮೆಗಾಹರ್ಟ್ಸ್. ಕೆಲಸದ ಮೆಮೊರಿ 2 ಕೆಬಿ. ಮೂಲ ಯಂತ್ರದಲ್ಲಿ ಪ್ರೊಸೆಸರು, ಚಿತ್ರದ ಚಿಪ್ಪು, ಮೆಮೊರಿ ಎಲ್ಲ ಬೇರೆಬೇರೆಯಾಗಿ ಕೂತಿದ್ದವು. ಟ್ರಾನ್ಸಿಸ್ಟರುಗಳು ಸಣ್ಣವಾಗುತ್ತ ಬಂದ ಹಾಗೆ ತೈವಾನಿನ ಚಿಪ್ ವಿನ್ಯಾಸಕರು ಅವನ್ನೆಲ್ಲ ಒಂದೇ ಚೂರಿನಲ್ಲಿ ಅಡಕಿದರು. ಪೇಟೆಂಟಿನ ಆಯುಷ್ಯ 20 ವರ್ಷ. ಅದು ತೀರಿದ ಮೇಲೆ ಈ ಸರ್ಕ್ಯೂಟನ್ನು ನಕಲು ಮಾಡಬೇಡವೆನ್ನಲು ಯಾರಿಗೂ ಹಕ್ಕಿಲ್ಲ.

2 ಕೆಬಿಯಲ್ಲಿ ಇಷ್ಟೆಲ್ಲ ಹೇಗೆ ಸಾಧ್ಯವಾಯಿತು? ಆ ಯಂತ್ರದ ಪರದೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 240, ಒಟ್ಟು 61,440 ಚುಕ್ಕೆಗಳು. ಪ್ರತಿ ಚುಕ್ಕೆಯ ಬಣ್ಣವನ್ನೂ ನೆನಪಿಡಲು ಹೊರಟರೆ ಮೆಮೊರಿ ಎಲ್ಲಿಂದ ತರುವುದು? 1983ರಲ್ಲಿ ಅದು ದುಬಾರಿ ಸರಕು. ಹಾಗಾಗಿ ಈ ಯಂತ್ರ ಚಿತ್ರವನ್ನು ನೆನಪಿಡುವುದೇ ಇಲ್ಲ. ಪರದೆಯನ್ನು ಎಂಟೆಂಟು ಚುಕ್ಕೆಗಳ ಚೌಕಗಳಾಗಿ ಒಡೆಯುತ್ತದೆ: ಅಡ್ಡಕ್ಕೆ 32, ಉದ್ದಕ್ಕೆ 30, ಒಟ್ಟು 960 ಮನೆ. ಚೌಕದ ಚಿತ್ರಗಳು ಯಂತ್ರಕ್ಕೆ ಸಿಕ್ಕಿಸುವ ಆಟದ ಕ್ಯಾಸೆಟ್ಟಿನಲ್ಲಿ ಮೊದಲೇ ಅಚ್ಚಾಗಿರುತ್ತವೆ; ಯಾವ ಮನೆಯಲ್ಲಿ ಎಷ್ಟನೆಯ ಚೌಕ ಎನ್ನುವ ಸಂಖ್ಯೆಯನ್ನಷ್ಟೇ ಯಂತ್ರ ಬರೆದಿಟ್ಟುಕೊಳ್ಳುತ್ತದೆ. ಬಣ್ಣದ ಮಾಹಿತಿಯೂ ಸೇರಿ ಒಂದು ಪರದೆಗೆ 1,024 ಬೈಟು ಸಾಕು. 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟದ ಒಟ್ಟು ಗಾತ್ರ 40 ಕೆಬಿ. ಅದರಲ್ಲಿ ಚಿತ್ರಗಳಿಗೆ ಸಿಕ್ಕಿದ್ದು 8 ಕೆಬಿ, ಅಂದರೆ 512 ಚೌಕ. ಈ ಬಡತನದಲ್ಲಿ ಸಂಸಾರ ತೂಗಿಸಿದ ಗುರುತು ಇಂದಿಗೂ ಕಾಣುತ್ತದೆ. ಆಟದಲ್ಲಿ ಆಕಾಶದ ಮೋಡ ಮತ್ತು ನೆಲದ ಪೊದೆ ಎರಡೂ ಒಂದೇ ಚಿತ್ರ. ಒಂದಕ್ಕೆ ಬಿಳಿ, ಇನ್ನೊಂದಕ್ಕೆ ಹಸಿರು.

ಓಡಾಡುವ ಪಾತ್ರಗಳದು ಬೇರೆ ಕತೆ. ಅವು ‘ಸ್ಪ್ರೈಟ್’ ಎಂಬ ತೇಲುವ ತುಣುಕುಗಳು. ಪರದೆಯಲ್ಲಿ ಒಮ್ಮೆಗೆ 64 ಇರಬಹುದು. ಆದರೆ ಚಿತ್ರದ ಚಿಪ್ಪು ಟಿವಿಯ ಗೆರೆಯೊಂದನ್ನು ಬರೆಯಲು ಸಿದ್ಧವಾಗುವಾಗ ಎಂಟು ತುಣುಕುಗಳನ್ನಷ್ಟೇ ಹೆಕ್ಕಿಕೊಳ್ಳಬಲ್ಲದು. ಒಂಬತ್ತನೆಯದು ಆ ಗೆರೆಯಲ್ಲಿ ಮಾಯ. ಯಾವುದೋ ಒಬ್ಬ ಶತ್ರು ಪೂರ್ತಿ ಕಣ್ಮರೆಯಾದರೆ ಆಡುವವನಿಗೆ ಅನ್ಯಾಯವಲ್ಲವೇ? ಅದಕ್ಕೆ ಆಟ ಬರೆದವರು ಸರದಿ ಹಚ್ಚಿದರು: ಈ ಫ್ರೇಮಿನಲ್ಲಿ ಒಬ್ಬ ಮಾಯ, ಮುಂದಿನದರಲ್ಲಿ ಇನ್ನೊಬ್ಬ. ಕಾಂಟ್ರಾ ಆಟದಲ್ಲಿ ಗುಂಡುಗಳೂ ಸೈನಿಕರೂ ಒಂದೇ ಸಾಲಿಗೆ ಬಂದಾಗ ಎಲ್ಲರೂ ಮಿಣಮಿಣ ಎನ್ನುವುದು ಇದರಿಂದ. ಆ ಕಾಲದಲ್ಲಿ ಟಿವಿಯ ತಲೆಗೆ ಮೊಟಕಿದವರೆಲ್ಲ ನಿರಪರಾಧಿಯನ್ನು ಹೊಡೆದಿದ್ದಾರೆ.

ನಮ್ಮಲ್ಲಿ ಈ ಯಂತ್ರ ಬಂದದ್ದೇ ನಕಲಿನ ರೂಪದಲ್ಲಿ. ಮೀಡಿಯಾ ಕಂಪನಿಯ ಲಿಟ್ಲ್ ಮಾಸ್ಟರ್ 1990ರ ದಶಕದ ನಗರದ ಮಕ್ಕಳಿಗೆ ಗೊತ್ತು. ಕರಾವಳಿಯಲ್ಲಿ ಇನ್ನೊಂದು ದಾರಿಯಿತ್ತು. ಕೊಲ್ಲಿಯಿಂದ ರಜೆಗೆ ಬಂದ ಮಾವನ ಪೆಟ್ಟಿಗೆಯಲ್ಲಿ ಸೆಂಟು, ಟಾರ್ಚು, ಟೇಪ್‌ರೆಕಾರ್ಡರಿನ ಜೊತೆ ಟಿವಿ ಗೇಮೂ ಇರುತ್ತಿತ್ತು. ಇದು ಮಂಗಳೂರು, ಕಾಸರಗೋಡಿಗೆ ಎಷ್ಟು ನಿಜವೋ ತಿರುವನಂತಪುರಕ್ಕೂ ಅಷ್ಟೇ. ತಿರುವನಂತಪುರದ ಕಡಲಂಚಿನ ಬೀಮಾಪಳ್ಳಿಯ ಪೇಟೆ ಒಂದು ಕಾಲಕ್ಕೆ ಗಲ್ಫ್ ಸಾಮಾನಿಗೆ, ಆಮೇಲೆ ನಕಲಿ ಸಿಡಿಗಳಿಗೆ ಹೆಸರಾಯಿತು. ಪೊಲೀಸರಿಗೆ ಅದು ಪೈರಸಿಯ ಕೇಂದ್ರ. ಚಲನಚಿತ್ರೋತ್ಸವಕ್ಕೆ ಬರುತ್ತಿದ್ದ ಸಿನಿಮಾ ಹುಚ್ಚರಿಗೆ ಮಾತ್ರ ಬೇರೆಲ್ಲೂ ಸಿಗದ ಜಗತ್ತಿನ ಚಿತ್ರಗಳು ಸಿಗುವ ಗ್ರಂಥಾಲಯ. ನಕಲಿನ ಬಗ್ಗೆ ನಮ್ಮ ಧೋರಣೆ ಯಾವಾಗಲೂ ಹೀಗೆ ಎರಡು ದೋಣಿಯದು.

ಆ ಯಂತ್ರಗಳಲ್ಲಿ ಆಡಿದವರಿಗೆ ಇಂದಿನ ಪೆಟ್ಟಿಗೆ ಕೈಗೆ ಬಂದಾಗ ಏನೋ ತಾಳ ತಪ್ಪಿದಂತೆ ಅನಿಸುವುದುಂಟು. ವಯಸ್ಸಿನ ದೋಷವಲ್ಲ. ಜಪಾನ್, ಅಮೆರಿಕದ ಟಿವಿ ಸೆಕೆಂಡಿಗೆ ಸುಮಾರು 60 ಚಿತ್ರ ತೋರಿಸುತ್ತಿತ್ತು. ನಮ್ಮ ಪಾಲ್ ಪದ್ಧತಿಯ ಟಿವಿ 50. ಆಟದ ಪ್ರತಿ ಹೆಜ್ಜೆ, ಸಂಗೀತದ ಪ್ರತಿ ಸ್ವರ ಫ್ರೇಮಿನ ಲೆಕ್ಕದಲ್ಲಿ ನಡೆಯುವುದರಿಂದ ಪಾಲ್‌ಗೆ ಹೊಂದಿಸಿದ ನಕಲು ಯಂತ್ರಗಳಲ್ಲಿ ಎಲ್ಲವೂ ಆರರಲ್ಲೊಂದು ಪಾಲು ನಿಧಾನ. ಎಲ್‌ಸಿಡಿ ಪರದೆಗೆ ಆ ಕಟ್ಟುಪಾಡಿಲ್ಲ. ಅಲ್ಲಿ 60ರ ಲೆಕ್ಕದಲ್ಲೇ ಓಡುವ ಮಾರಿಯೋ ನಮ್ಮ ಬಾಲ್ಯದವನಿಗಿಂತ ಚುರುಕು. ಸದ್ದಿನಲ್ಲೂ ವ್ಯತ್ಯಾಸವಿದೆ. ಚೌಕ ಅಲೆಯೊಂದು ಎಷ್ಟು ಹೊತ್ತು ಏರಿ ಎಷ್ಟು ಹೊತ್ತು ಇಳಿದಿರುತ್ತದೆ ಎನ್ನುವುದರಿಂದ ನಾದದ ಗುಣ ಹುಟ್ಟುತ್ತದೆ. ಎಷ್ಟೋ ನಕಲು ಚಿಪ್ಪುಗಳಲ್ಲಿ ಶೇ 25 ಮತ್ತು ಶೇ 50ರ ಅಲೆಗಳು ಅದಲುಬದಲಾಗಿವೆ. ರಾಗ ಅದೇ, ಕಂಠ ಮಾತ್ರ ಬೇರೆ.

400 ಆಟಗಳ ವಿಷಯ. ಒಂದಕ್ಕೆ 40 ಕೆಬಿ ಎಂದರೂ ಎಲ್ಲ ಸೇರಿ 16 ಎಂಬಿ, ಫೋನಿನಲ್ಲಿ ತೆಗೆದ ನಾಲ್ಕಾರು ಫೋಟೊಗಳಷ್ಟು. ಜಾಗದ ಪ್ರಶ್ನೆಯೇ ಇಲ್ಲ; ಪ್ರಶ್ನೆ ಇರುವುದು ತಲುಪುವುದರಲ್ಲಿ. 6502 ಪ್ರೊಸೆಸರಿಗೆ ಒಮ್ಮೆಗೆ ಕಾಣುವುದು 64 ಕೆಬಿ ಮಾತ್ರ. ಆದ್ದರಿಂದ ದೊಡ್ಡ ಮೆಮೊರಿಯ ಒಂದೊಂದೇ ತುಂಡನ್ನು ಆ ಕಿಟಕಿಯೆದುರು ಸರಿಸಿ ತರುವ ಪುಟ್ಟ ಸರ್ಕ್ಯೂಟ್ ಇರುತ್ತದೆ. ಪಟ್ಟಿ ತೋರಿಸುವ ಮೆನುವೂ ಒಂದು ಆಟವೇ. ನೀವು 37 ಒತ್ತಿದರೆ ಅದು 37ನೆಯ ತುಂಡನ್ನು ಕಿಟಕಿಗೆ ತಂದು, ಆಟದ ಮೊದಲ ಆಜ್ಞೆಗೆ ಜಿಗಿದು, ತಾನು ಮರೆಯಾಗುತ್ತದೆ. ಜಿಗಿಯುವ ಮೊದಲು ಒಂದೆರಡು ಸಂಖ್ಯೆ ತಿದ್ದಿದರೆ ಅದೇ ಆಟ ಮೂರನೇ ಹಂತದಿಂದ ಶುರುವಾಗುತ್ತದೆ, ಪಟ್ಟಿಯಲ್ಲಿ ಹೊಸ ಹೆಸರು ಪಡೆಯುತ್ತದೆ. ಹಿಂದೆ ‘9999 ಇನ್ 1’ ಕ್ಯಾಸೆಟ್ಟುಗಳು ಹುಟ್ಟಿದ್ದು ಈ ಕೈಚಳಕದಿಂದ. ಡಬ್ಬದ ಮೇಲಿನ ಸಂಖ್ಯೆಯಷ್ಟು ನಿರುಪಯುಕ್ತ ಮಾಹಿತಿ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ನಾಲ್ಕೈದು ಸಾವಿರದ ಪೆಟ್ಟಿಗೆಯಲ್ಲಿ ಏನಿದೆ? ಸಣ್ಣ ಫೋನಿನ ಕರುಳು. ಎಆರ್‌ಎಂ ಪ್ರೊಸೆಸರು, ಲಿನಕ್ಸ್, ಮೆಮೊರಿ ಕಾರ್ಡು. ಅಲ್ಲಿ ಫ್ಯಾಮಿಕಾಂ ಇಲ್ಲ. ಫ್ಯಾಮಿಕಾಂನಂತೆ ನಟಿಸುವ ಎಮ್ಯುಲೇಟರ್ ಎಂಬ ತಂತ್ರಾಂಶವಿದೆ. ಆಟದ ಪ್ರತಿ ಆಜ್ಞೆಯನ್ನೂ ಓದಿ, ಹಳೆಯ ಯಂತ್ರ ಈಗ ಏನು ಮಾಡುತ್ತಿತ್ತು ಎಂದು ಲೆಕ್ಕ ಹಾಕಿ, ಆ ಫಲಿತಾಂಶವನ್ನು ಪರದೆಗೆ ತರುತ್ತದೆ. ಸ್ವತಃ ನಿಂಟೆಂಡೊ 2016ರಲ್ಲಿ 30 ಆಟಗಳನ್ನು ತುಂಬಿ ಮಾರಿದ ಎನ್‌ಇಎಸ್ ಕ್ಲಾಸಿಕ್ ಕೂಡ ಒಳಗೆ ಹೀಗೆಯೇ: ನಾಲ್ಕು ಕೋರಿನ ಎಆರ್‌ಎಂ ಚಿಪ್ಪು, ಲಿನಕ್ಸ್, ಎಮ್ಯುಲೇಟರ್. ಮೂಲ ಕಂಪನಿಯ ಮುದ್ರೆಯಿರುವ ಪೆಟ್ಟಿಗೆಯಲ್ಲಿ ನಟನೆ, ಐನೂರು ರೂಪಾಯಿಯ ಅನಾಮಧೇಯ ಪೆಟ್ಟಿಗೆಯಲ್ಲಿ ಮೂಲ ಸರ್ಕ್ಯೂಟಿನ ನೇರ ಸಂತಾನ.

ನಟನೆ ಎಷ್ಟು ದುಬಾರಿ ಎಂದು ತಿಳಿಯಲು ತಿರುವನಂತಪುರದ್ದೇ ಒಂದು ಉದಾಹರಣೆ ಇದೆ. ಅಲ್ಲಿನ ಸಿ-ಡ್ಯಾಕ್ ಕೇಂದ್ರ ವೇಗಾ ಎಂಬ ಸ್ವದೇಶಿ ಪ್ರೊಸೆಸರುಗಳನ್ನು ವಿನ್ಯಾಸ ಮಾಡಿದೆ. ಅವುಗಳಲ್ಲಿ ಕಿರಿಯದನ್ನು ಹೊತ್ತ ತೇಜಸ್32 ಚಿಪ್ಪಿನ ವೇಗ 100 ಮೆಗಾಹರ್ಟ್ಸ್, ಮೆಮೊರಿ 256 ಕೆಬಿ. ಫ್ಯಾಮಿಕಾಂಗಿಂತ ವೇಗ ಐವತ್ತಕ್ಕೂ ಹೆಚ್ಚು ಪಟ್ಟು, ಮೆಮೊರಿ ನೂರಕ್ಕೂ ಹೆಚ್ಚು ಪಟ್ಟು. ಮಾರಿಯೋ ಸಲೀಸಾಗಿ ಓಡಬೇಕಲ್ಲ? ಲೆಕ್ಕ ಹಾಕಿ. ಸೆಕೆಂಡಿಗೆ 60 ಚಿತ್ರ, ಚಿತ್ರಕ್ಕೆ 61,440 ಚುಕ್ಕೆ, ಒಟ್ಟು ಸುಮಾರು 37 ಲಕ್ಷ ಚುಕ್ಕೆ. 10 ಕೋಟಿ ಬಡಿತಗಳನ್ನು ಹಂಚಿದರೆ ಒಂದು ಚುಕ್ಕೆಗೆ 27 ಸಿಗುತ್ತವೆ. ಅಷ್ಟರೊಳಗೆ ಚೌಕ ಹುಡುಕಬೇಕು, ಬಣ್ಣ ಹಚ್ಚಬೇಕು, ಸ್ಪ್ರೈಟು ಅಡ್ಡ ಬಂದಿದೆಯೇ ನೋಡಬೇಕು, 6502ರ ಆಜ್ಞೆ ನಡೆಸಬೇಕು, ಸದ್ದೂ ಹೊರಡಿಸಬೇಕು. ಏದುಸಿರು ಬಂದೀತು. ಸರ್ಕ್ಯೂಟು ಇವನ್ನೆಲ್ಲ ಏಕಕಾಲಕ್ಕೆ, ಯೋಚಿಸದೆ ಮಾಡಿ ಮುಗಿಸುತ್ತದೆ. ಒಂದು ಪೆಟ್ಟಿಗೆ ಐನೂರಕ್ಕೆ, ಇನ್ನೊಂದು ಐದು ಸಾವಿರಕ್ಕೆ ಮಾರಾಟವಾಗುವುದರ ಒಂದು ಕಾರಣ ಈ ಭಾಗಾಕಾರದಲ್ಲಿದೆ.

ತುಟ್ಟಿಯದನ್ನು ಕೊಳ್ಳಬಾರದೆಂದಲ್ಲ. ಎಮ್ಯುಲೇಟರಿನಲ್ಲಿ ಆಟವನ್ನು ಎಲ್ಲಿ ಬೇಕಾದರೂ ನಿಲ್ಲಿಸಿ ಉಳಿಸಿಡಬಹುದು, ಎಂಟು ಸ್ಪ್ರೈಟಿನ ಮಿತಿ ತೆಗೆದು ಮಿಣುಕು ಕಳೆಯಬಹುದು, ಫ್ಯಾಮಿಕಾಂ ಬಿಟ್ಟು ಬೇರೆ ಯಂತ್ರಗಳ ವೇಷವನ್ನೂ ಹಾಕಿಸಬಹುದು. ಪರದೆಯೂ ಉತ್ತಮ. ಈಚಿನ ಕೆಲವು ಅಗ್ಗದ ಪೆಟ್ಟಿಗೆಗಳಲ್ಲೂ ಎಮ್ಯುಲೇಟರ್ ಬಂದಿದೆ. ಹಾಗಾಗಿ ಬೆಲೆಯೊಂದನ್ನೇ ನಂಬುವಂತಿಲ್ಲ. ಕಾನೂನಿನ ತೊಡಕು ಎರಡಕ್ಕೂ ಒಂದೇ. ಪೇಟೆಂಟು ತೀರಿದರೂ ಆಟಗಳ ಕೃತಿಸ್ವಾಮ್ಯ ತೀರಿಲ್ಲ. ಒಳಗೆ ತುಂಬಿಸಿ ಕೊಡುವ ಆಟಗಳಿಗೆ ಅನುಮತಿ ಪಡೆದ ಪೆಟ್ಟಿಗೆಗಳು ಜಗತ್ತಿನಲ್ಲಿ ಕೆಲವು ಇವೆ. ಗಾಜಿನ ಕಪಾಟಿನ 400 ಇನ್ 1 ಅವುಗಳಲ್ಲಿ ಒಂದಲ್ಲ.

ಕೊಳ್ಳುವುದಾದರೆ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಕಾಂಟ್ರಾ ಶುರುಮಾಡಿ, ಹೆಸರಿನ ಪರದೆಯಲ್ಲಿ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ ಒತ್ತಿ, ಆಮೇಲೆ ಸ್ಟಾರ್ಟ್. ಮೂರರ ಬದಲು 30 ಜೀವ ಬರಬೇಕು. ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ 1986ರ ಗ್ರೇಡಿಯಸ್ ಆಟವನ್ನು ಪರೀಕ್ಷಿಸುವಾಗ ತನಗೇ ಗೆಲ್ಲಲು ಆಗದೆ ಹುದುಗಿಸಿಟ್ಟ ಸಂಕೇತ ಇದು. ಮುಂದೆ ಕಂಪನಿಯ ಬೇರೆ ಆಟಗಳಿಗೂ ಹಬ್ಬಿತು. ಆಟದ ಪ್ರತಿಯನ್ನು ಯಾರಾದರೂ ತಿದ್ದಿದ್ದರೆ ಫಲಿಸದೆಯೂ ಇರಬಹುದು. ಫಲಿಸಿದರೆ ನಾಲ್ಕು ದಿಕ್ಕಿನ ಗುಂಡಿ, ಎರಡು ಬೆರಳಿನ ಗುಂಡಿ ಎಲ್ಲ ಸರಿಯಿದೆ ಎಂದು ಒಂದೇ ಏಟಿಗೆ ಗೊತ್ತಾಯಿತು. ಗುಂಡಿಗಳ ಕೆಳಗಿರುವುದು ಇಂಗಾಲ ಲೇಪಿಸಿದ ರಬ್ಬರು. ಕೊಚ್ಚಿಯ ತೇವ, ಮಕ್ಕಳ ಬೆವರು ಎರಡೂ ಅದಕ್ಕೆ ಆಗದು. ಒತ್ತಿದ್ದು ಕೇಳದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹತ್ತಿ ಅದ್ದಿ ಬೋರ್ಡಿನ ಸಂಪರ್ಕಬಿಂದು ಒರೆಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ವಿಡಿಯೋ ಗೇಮುಗಳಿಗೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ನೋಂದಣಿಯನ್ನು 2012ರ ಆದೇಶವೇ ಕಡ್ಡಾಯ ಮಾಡಿತು. ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆ ಡಬ್ಬದ ಮೇಲಿದೆಯೇ ನೋಡಿ, ಇದ್ದರೆ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿ.

ಹೆಚ್ಚು ಎಚ್ಚರ ಬೇಕಾದದ್ದು ಬ್ಯಾಟರಿಯ ವಿಷಯದಲ್ಲಿ. ಸಪ್ ಮಾದರಿಯ ಪೆಟ್ಟಿಗೆಗಳಲ್ಲಿ ಇರುವುದು ಹಳೆಯ ನೋಕಿಯಾ ಫೋನಿನ ಬಿಎಲ್-5ಸಿ ಅಳತೆಯ ಲಿಥಿಯಂ ಬ್ಯಾಟರಿ. 2007ರಲ್ಲಿ ನೋಕಿಯಾ ಇದೇ ಮಾದರಿಯ 4.6 ಕೋಟಿ ಬ್ಯಾಟರಿಗಳು ಚಾರ್ಜಿಂಗ್ ವೇಳೆ ಅತಿಯಾಗಿ ಬಿಸಿಯಾಗಬಹುದೆಂದು ಎಚ್ಚರಿಸಿದಾಗ ನಮ್ಮ ದೇಶದಲ್ಲೂ ಜನ ಅಂಗಡಿಗಳಿಗೆ ಮುಗಿಬಿದ್ದಿದ್ದರು. ಅವು ಹೆಸರಾಂತ ಕಂಪನಿಯವು. ಡಬ್ಬದ ಜೊತೆ ಬರುವ ಹೆಸರಿಲ್ಲದ ಬ್ಯಾಟರಿಯನ್ನು ಹೊರತೆಗೆದು ಸಪಾಟಾದ ಮೇಜಿನ ಮೇಲಿಟ್ಟು ಬೆರಳಿನಿಂದ ತಿರುಗಿಸಿ. ಬುಗುರಿಯಂತೆ ತಿರುಗಿದರೆ ಹೊಟ್ಟೆ ಉಬ್ಬಿದೆ ಎಂದರ್ಥ, ತೆಗೆದುಕೊಳ್ಳಬೇಡಿ. ಅಸಲಿ ಬಿಎಲ್-5ಸಿ ಹಿಡಿಸುತ್ತಿದ್ದುದು 1,020 ಮಿಲಿಆಂಪ್-ಅವರ್. ಅಷ್ಟೇ ಗಾತ್ರದಲ್ಲಿ ಅದರ ಎರಡು ಪಟ್ಟು ಬರೆದಿದ್ದರೆ ಅದು ಸುಳ್ಳು. ಒಳ್ಳೆಯ ಸುದ್ದಿಯೆಂದರೆ ಬದಲಿ ಬ್ಯಾಟರಿಗೆಂದು ಮತ್ತೆ ಎರ್ನಾಕುಳಂ ರೈಲು ಹತ್ತಬೇಕಿಲ್ಲ. ಮಂಜೇಶ್ವರದಿಂದ ಪಾರಶ್ಶಾಲದವರೆಗೆ ಯಾವ ಊರಿನ ಮೊಬೈಲ್ ಅಂಗಡಿಯಲ್ಲಿ ಕೇಳಿದರೂ ಸಿಕ್ಕೀತು. ಬ್ಯಾಟರಿ ಸುರಕ್ಷತೆಯ ಭಾರತೀಯ ಮಾನಕವಾದ ಐಎಸ್ 16046 ಎಂದು ಅಚ್ಚಾಗಿರುವುದನ್ನು ಕೇಳಿ ಪಡೆಯಿರಿ.