ಜೆಟ್ಟಿನ ಕಣ್ಣು, ಎಂಜಿನ್ನಿನ ಆಯುಸ್ಸು

ರಾಮಕುಂಜವೆಂದರೆ ಹೊರಗಿನವರಿಗೆ ನೆನಪಾಗುವುದು ರಾಮಕುಂಜೇಶ್ವರ ದೇವಸ್ಥಾನ, ಆ ಹೆಸರಿನ ವಿದ್ಯಾಸಂಸ್ಥೆಗಳು, 1931ರಲ್ಲಿ ಇಲ್ಲಿ ಹುಟ್ಟಿದ ಪೇಜಾವರದ ವಿಶ್ವೇಶತೀರ್ಥರು. ಆದರೆ ಉಪ್ಪಿನಂಗಡಿಯಿಂದ ಕಡಬದ ಬಸ್ಸು ಹತ್ತಿ, ಆತೂರು ದಾಟಿ, ಜೂನ್ ತಿಂಗಳಲ್ಲಿ ಇಲ್ಲಿ ಇಳಿದವರ ಕಿವಿಗೆ ಮೊದಲು ಬೀಳುವುದು ಎಂಜಿನ್ನಿನ ಸದ್ದು. ಮಳೆ ಸ್ವಲ್ಪ ಬಿಟ್ಟರೆ ಸಾಕು, ಒಂದು ತೋಟದಲ್ಲಿ ಹುಲ್ಲು ತೆಗೆಯುವ ಮೆಷಿನ್ ಕಿರುಚುತ್ತದೆ, ಪಕ್ಕದ ತೋಟದಲ್ಲಿ ಅಡಿಕೆಗೆ ಮದ್ದು ಬಿಡುವ ಪಂಪು ಗುಡುಗುಡಿಸುತ್ತದೆ. ಹೆಗಲಿಗೆ ಹಾಕಿಕೊಳ್ಳುವ ಆ ಮೆಷಿನ್ನುಗಳಲ್ಲಿ ಹೆಚ್ಚಿನವು ಟೂ-ಸ್ಟ್ರೋಕ್. ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ನಾಡದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ನೂ ಅದೇ ಜಾತಿಯದು. ಒಂದರ ತುದಿಯಲ್ಲಿ ನೀರು ಕಡೆಯುವ ಪಂಖ, ಇನ್ನೊಂದರ ತುದಿಯಲ್ಲಿ ಹುಲ್ಲು ಕತ್ತರಿಸುವ ಬ್ಲೇಡು; ಒಳಗಿನ ಕಥೆ ಒಂದೇ. ದುಡಿಯುವ ತಿಂಗಳುಗಳೂ ಹೆಚ್ಚುಕಡಿಮೆ ಒಂದೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವಾಗ, ಕರ್ನಾಟಕದ ಕರಾವಳಿಯಲ್ಲಿ ಕಡಲಿಗಿಳಿಯಲು ಅವಕಾಶವಿರುವುದು 10 ಅಶ್ವಶಕ್ತಿಯೊಳಗಿನ ಎಂಜಿನ್ನಿನ ನಾಡದೋಣಿಗಳಿಗೆ.

ಈ ಎಂಜಿನ್ನುಗಳ ಇಂಧನದ ದಾರಿಯನ್ನು ಬಿಚ್ಚಿ, ತೊಳೆದು, ಕೂಡಿಸುವುದು ಒಂದು ಕಸುಬು. ಉಪ್ಪಿನಂಗಡಿ, ಆಲಂಕಾರು, ಕಡಬದಂಥ ಪೇಟೆಗಳಲ್ಲಿ ಅದನ್ನೇ ನಂಬಿ ಬಾಳುವವರಿದ್ದಾರೆ. ಅವರ ಕೆಲಸಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ‘ಕಾರ್ಬೊರೇಟರ್ ಕ್ಲೀನ್’ ಎಂದರೆ ಕಸ ಗುಡಿಸಿದಷ್ಟು ಸುಲಭದ ಕೆಲಸವೆಂಬ ಭಾವನೆ ನಮ್ಮಲ್ಲಿದೆ. ಅದು ಎಂಜಿನ್ನಿನ ಜೀವದ ಪ್ರಶ್ನೆ.

ಬೈಕಿನ ಫೋರ್-ಸ್ಟ್ರೋಕ್ ಎಂಜಿನ್ನಿನ ತಳದಲ್ಲಿ ಎಣ್ಣೆ ನಿಂತಿರುತ್ತದೆ. ಪಿಸ್ಟನ್ನಿಗೂ ಬೇರಿಂಗಿಗೂ ಜಿಡ್ಡು ಅಲ್ಲಿಂದಲೇ ಹೋಗುತ್ತದೆ. ನಾವು ಹೇಳುವ ಟೂ-ಸ್ಟ್ರೋಕಿನಲ್ಲಿ ಆ ಏರ್ಪಾಡು ಇಲ್ಲ. ಪೆಟ್ರೋಲಿಗೆ ನಾವೇ ಬೆರೆಸಿ ಹೊಯ್ದ ಎಣ್ಣೆ ಕಾರ್ಬೊರೇಟರಿನ ಮೂಲಕ ಗಾಳಿಯೊಡನೆ ಮೊದಲು ಕ್ರ್ಯಾಂಕ್ ಕೇಸಿಗೆ ಇಳಿಯುತ್ತದೆ, ಬೇರಿಂಗುಗಳನ್ನು ಒದ್ದೆ ಮಾಡುತ್ತದೆ, ಆಮೇಲೆ ಸಿಲಿಂಡರಿಗೆ ಏರಿ ಉರಿದು ಹೋಗುತ್ತದೆ. ಹಾಗಾಗಿ ಇಲ್ಲಿ ಇಂಧನದ ದಾರಿಯೇ ಎಣ್ಣೆಯ ದಾರಿ. ಕಾರ್ಬೊರೇಟರಿನಲ್ಲಿ ಪೆಟ್ರೋಲು ಅಳೆದು ಬಿಡುವ ಜೆಟ್ಟಿನ ಕೂದಲೆಳೆಯಂಥ ತೂತು ಅರ್ಧ ಮುಚ್ಚಿದರೆ ಪೆಟ್ರೋಲು ಕಡಿಮೆಯಾಗುವುದಷ್ಟೇ ಅಲ್ಲ, ಜಿಡ್ಡೂ ಅರ್ಧಕ್ಕಿಳಿಯುತ್ತದೆ. ಗಾಳಿ ಹೆಚ್ಚಾದ ಮಿಶ್ರಣ ಬಿಸಿಯಾಗಿ ಉರಿಯುತ್ತದೆ. ಹುಲ್ಲು ತೆಗೆಯುವ ಮೆಷಿನ್ ಪೂರ್ತಿ ವೇಗದಲ್ಲಿ ನಿಮಿಷಕ್ಕೆ 10,000 ಸುತ್ತಿನ ಆಸುಪಾಸು ತಿರುಗುತ್ತದೆ. ಆ ವೇಗದಲ್ಲಿ ಒಣಗಿದ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿ ನಿಲ್ಲಲು ಹೆಚ್ಚು ಹೊತ್ತು ಬೇಡ. ಅದನ್ನೇ ಸೀಜ್ ಆಯಿತು ಎನ್ನುವುದು. ‘ಸ್ವಲ್ಪ ಎಳೆಯುವುದಿಲ್ಲ, ಚೋಕ್ ಹಾಕಿದರೆ ಓಡುತ್ತದೆ’ ಎಂದು ಅದೇ ಸ್ಥಿತಿಯಲ್ಲಿ ದುಡಿಸಿದ ಮೆಷಿನ್ನಿನ ಗತಿ ಕೊನೆಗೆ ಇದೇ.

ದಾರಿ ಕಟ್ಟಿಕೊಳ್ಳುವುದು ಹೆಚ್ಚಾಗಿ ಓಡುವಾಗ ಅಲ್ಲ, ಮೂಲೆಯಲ್ಲಿ ಇಟ್ಟಿರುವಾಗ. ದೀಪಾವಳಿಯ ಹೊತ್ತಿಗೆ ಹುಲ್ಲಿನ ಕೆಲಸ ಮುಗಿದು ಮೆಷಿನ್ ಕೊಟ್ಟಿಗೆ ಸೇರುತ್ತದೆ, ಟ್ಯಾಂಕಿನಲ್ಲಿ ಅರ್ಧ ಲೀಟರು ಉಳಿದಿರುತ್ತದೆ. ತಿಂಗಳುಗಳು ಕಳೆದಂತೆ ಪೆಟ್ರೋಲಿನ ಹಗುರ ಅಂಶ ಆವಿಯಾಗಿ, ಉಳಿದದ್ದು ಎಣ್ಣೆಯೊಡನೆ ಸೇರಿ ಅಂಟಾಗುತ್ತದೆ. ಈಗ ಎಥನಾಲ್ ಬೇರೆ. ಶೇ 20 ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ನಮ್ಮ ಮಳೆಗಾಲದಲ್ಲಿ ತೇವಕ್ಕೆ ಬರಗಾಲವಿಲ್ಲ. ನೀರು ಮಿತಿ ಮೀರಿದಾಗ ಎಥನಾಲೂ ನೀರೂ ಕೂಡಿ ತಳಕ್ಕೆ ಇಳಿಯುತ್ತವೆ. ಎಣ್ಣೆ ಮೇಲಿನ ಪೆಟ್ರೋಲಿನಲ್ಲಿ ಉಳಿಯುತ್ತದೆ. ಟ್ಯಾಂಕಿನ ಕೊಳವೆ ಹೀರುವುದು ತಳದಿಂದ. ಎಂಜಿನ್ನಿಗೆ ಆಗ ಸಿಗುವುದು ಜಿಡ್ಡಿಲ್ಲದ ದ್ರವ.

ನುರಿತ ರಿಪೇರಿಯವರು ಸ್ಪ್ಯಾನರು ಹಿಡಿಯುವ ಮೊದಲು ಟ್ಯಾಂಕಿನ ಪೆಟ್ರೋಲನ್ನು ಪಾರದರ್ಶಕ ಬಾಟಲಿಗೆ ಬಗ್ಗಿಸಿ ನೋಡುತ್ತಾರೆ. ತಳದಲ್ಲಿ ಬೇರೆ ಪದರ ಕಂಡರೆ ಅರ್ಧ ರೋಗ ಗೊತ್ತಾಯಿತು. ಆಮೇಲೆ ಮೂಸುತ್ತಾರೆ, ಹಳೆಯ ಪೆಟ್ರೋಲಿಗೆ ವಾರ್ನಿಶಿನಂಥ ಹುಳಿವಾಸನೆ. ಮುಂದಿನದು ಪ್ಲಗ್ಗು. ತುದಿ ಕಾಫಿ ಬಣ್ಣದಲ್ಲಿದ್ದರೆ ಸಮ, ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲೋ ಎಣ್ಣೆಯೋ ಹೆಚ್ಚು, ಬೆಳ್ಳಗೆ ಬೆಂದಿದ್ದರೆ ಎಂಜಿನ್ನಿಗೆ ಇಂಧನ ಸಾಲುತ್ತಿಲ್ಲ. ಆ ಬಿಳಿ ಕಂಡವರು ಮೆಷಿನನ್ನು ಮತ್ತೆ ಓಡಿಸಿ ನೋಡುವುದಿಲ್ಲ, ನೇರ ಬಿಚ್ಚುತ್ತಾರೆ.

ಬಿಚ್ಚಿದರೆ ದೋಣಿಗೂ ತೋಟಕ್ಕೂ ಇರುವ ವ್ಯತ್ಯಾಸ ಕಾಣುತ್ತದೆ. ಔಟ್‌ಬೋರ್ಡ್ ನೆಟ್ಟಗೆ ನಿಂತು ದುಡಿಯುವ ಎಂಜಿನ್. ಅದರ ಕಾರ್ಬೊರೇಟರಿನ ತಳದಲ್ಲಿ ಬಟ್ಟಲು, ಬಟ್ಟಲಲ್ಲಿ ತೇಲುವ ಫ್ಲೋಟು, ಅದು ಏರಿಳಿದಂತೆ ಪೆಟ್ರೋಲಿನ ಬಾಯಿ ಮುಚ್ಚಿ ತೆರೆಯುವ ಸೂಜಿ. ಹುಲ್ಲಿನ ಮೆಷಿನನ್ನು ಗುಡ್ಡದ ಇಳಿಜಾರಿನಲ್ಲಿ ಹೇಗೆಂದರೆ ಹಾಗೆ ವಾಲಿಸುತ್ತೇವೆ, ಬಟ್ಟಲಿದ್ದರೆ ಚೆಲ್ಲಿಹೋಗುತ್ತದೆ. ಅದಕ್ಕೇ ಹೆಚ್ಚಿನ ಮೆಷಿನ್ನುಗಳಲ್ಲಿ ಫ್ಲೋಟಿನ ಬದಲು ತೆಳುವಾದ ಡಯಾಫ್ರಾಮು. ಕ್ರ್ಯಾಂಕ್ ಕೇಸಿನಲ್ಲಿ ಏರಿಳಿಯುವ ಒತ್ತಡ ಒಂದು ಪೊರೆಯನ್ನು ಮಿಡಿಸಿ ಪೆಟ್ರೋಲು ಎಳೆಸುತ್ತದೆ, ಇನ್ನೊಂದು ಪೊರೆ ಅಳತೆ ಮಾಡಿ ಬಿಡುತ್ತದೆ. ಹೊಸತರಲ್ಲಿ ಮೆತ್ತಗಿರುವ ಈ ಪೊರೆ ವರ್ಷಗಳು ಕಳೆದಂತೆ ಬಿರುಸಾಗುತ್ತದೆ. ಬೆರಳಲ್ಲಿ ಒತ್ತಿದಾಗ ಚರಚರ ಎಂದರೆ ತೊಳೆದು ಫಲವಿಲ್ಲ, ಬದಲಿಸಬೇಕು. ಹೊಸ ಪೊರೆಗಳ ಕಿಟ್ಟಿನ ಬೆಲೆ ಪಿಸ್ಟನ್-ಸಿಲಿಂಡರಿನ ಬೆಲೆಯ ಮುಂದೆ ಏನೂ ಅಲ್ಲ.

ಜೆಟ್ಟಿನ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಬೇಕು. ತೂತು ಕಟ್ಟಿದೆಯೆಂದು ಕಬ್ಬಿಣದ ತಂತಿ ತುರುಕಬಾರದು. ಜೆಟ್ಟು ಮೆತ್ತಗಿನ ಹಿತ್ತಾಳೆ, ತಂತಿ ಉಜ್ಜಿದರೆ ತೂತು ಹಿಗ್ಗುತ್ತದೆ, ಆಮೇಲೆ ಯಾವ ತಿರುಪು ತಿರುಗಿಸಿದರೂ ಲೆಕ್ಕ ಕೂಡದು. ಕಾರ್ಬೊರೇಟರ್ ಸ್ಪ್ರೇ ಹೊಡೆದು, ನೆನೆಸಿಟ್ಟು, ಗಾಳಿ ಊದಿ, ಬೆಳಕಿಗೆ ಹಿಡಿದು ತೂತಿನ ದುಂಡು ನೋಡುವುದು ಸರಿಯಾದ ಕ್ರಮ. ಇಂಧನ ಹೊಂದಿಸುವ ‘ಎಚ್’, ‘ಎಲ್’ ಎಂಬ ತಿರುಪುಗಳನ್ನು ಕಳಚುವ ಮೊದಲು ಎಷ್ಟು ಸುತ್ತು ಒಳಗಿತ್ತೆಂದು ಎಣಿಸಿಕೊಳ್ಳುವವರು ಕಸುಬು ಬಲ್ಲವರು. ಟ್ಯಾಂಕಿನೊಳಗೆ ಕೊಳವೆಯ ತುದಿಗಿರುವ ಫಿಲ್ಟರು, ಬಿರುಕುಬಿಟ್ಟು ಗಾಳಿ ಎಳೆಯುವ ಕೊಳವೆ ಇವೂ ಅದೇ ದಾರಿಯ ಭಾಗ. ಟ್ಯಾಂಕಿಗೆ ಗಾಳಿ ಹೋಗುವ ಕಿಂಡಿ ಮುಚ್ಚಿದರೆ ಎಂಜಿನ್ ಚೆನ್ನಾಗಿ ಶುರುವಾಗಿ ಕೆಲವು ನಿಮಿಷಕ್ಕೆ ಸೊರಗಿ ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದ ಕೂಡಲೇ ಸರಿಯಾದರೆ ಕಾರ್ಬೊರೇಟರನ್ನು ಮುಟ್ಟುವ ಅಗತ್ಯವೇ ಇಲ್ಲ.

ನಮ್ಮ ಕಡೆ ಔಟ್‌ಬೋರ್ಡ್ ಕಾಣಬೇಕಾದರೆ ನದಿಯ ದಡಕ್ಕೆ ಹೋಗಬೇಕು, ಅದೂ ಮಳೆಗಾಲದಲ್ಲಿ. ಕುಮಾರಧಾರೆಯ ಶಾಂತಿಮೊಗರಿನಲ್ಲಿ ಸೇತುವೆ ಆಗುವ ಮೊದಲು ಜನ ದಾಟುತ್ತಿದ್ದುದು ದೋಣಿಯಲ್ಲಿ. ಈಗ ದೋಣಿ ಬೇಕಾಗುವುದು ನೆರೆಗೆ. 1923ರ ಮತ್ತು 1974ರ ನೆರೆಗಳನ್ನು ನೇತ್ರಾವತಿ ದಡದ ಊರುಗಳು ಮರೆತಿಲ್ಲ. ಈ ಎರಡು ನದಿಗಳು ಕೂಡುವ ಉಪ್ಪಿನಂಗಡಿಯಲ್ಲಿ, ಸಹಸ್ರಲಿಂಗೇಶ್ವರ ದೇವಸ್ಥಾನದ ಬಳಿ, ಮಳೆಗಾಲದಲ್ಲಿ ಗೃಹರಕ್ಷಕರ ರಕ್ಷಣಾ ತಂಡ ದೋಣಿಯೊಡನೆ ಸಜ್ಜಾಗಿರುತ್ತದೆ. ಇಂಥ ದೋಣಿಯ ಎಂಜಿನ್ ಟೂ-ಸ್ಟ್ರೋಕೇ ಆಗಲಿ ಫೋರ್-ಸ್ಟ್ರೋಕೇ ಆಗಲಿ, ವರ್ಷದ ಬಹುಪಾಲು ಸುಮ್ಮನೆ ಕೂತು, ಕರೆದ ದಿನ ಮೊದಲ ಎಳೆತಕ್ಕೇ ಎದ್ದೇಳಬೇಕು. ಅದರ ಇಂಧನದ ದಾರಿಯಲ್ಲಿ ಮೊದಲು ನೋಡಬೇಕಾದ್ದು ಟ್ಯಾಂಕಿಗೂ ಎಂಜಿನ್ನಿಗೂ ನಡುವಿನ ಕೊಳವೆಯಲ್ಲಿರುವ ರಬ್ಬರ್ ಬಲ್ಬು. ಹಿಸುಕುತ್ತ ಹೋದಂತೆ ಅದು ಗಟ್ಟಿಯಾಗಬೇಕು. ಎಷ್ಟು ಹಿಸುಕಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಸೋರುತ್ತಿದೆ, ಹೆಚ್ಚಾಗಿ ಕೊಳವೆ ಸಿಕ್ಕಿಸುವ ಕನೆಕ್ಟರಿನ ರಬ್ಬರ್ ಉಂಗುರದಲ್ಲಿ. ಕೆಲಸ ಮುಗಿದ ಮೇಲೆ ಎಂಜಿನನ್ನು ಸಿಹಿನೀರಿನ ಡ್ರಮ್ಮಿನಲ್ಲಿ ನಿಲ್ಲಿಸಿ, ಕೊಳವೆ ಕಳಚಿ, ಬಟ್ಟಲಿನ ಪೆಟ್ರೋಲು ಮುಗಿದು ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ನೀರಿಲ್ಲದೆ ಓಡಿಸಿದರೆ ತಂಪು ಮಾಡುವ ಪಂಪಿನ ರಬ್ಬರ್ ಚಕ್ರ ಬೇಗನೆ ಸುಟ್ಟುಹೋಗುತ್ತದೆ.

ಕಡಲಿನ ನಾಡದೋಣಿಗಳಲ್ಲಿ ಸೀಮೆಎಣ್ಣೆಯ ಎಂಜಿನ್ನುಗಳೇ ಹೆಚ್ಚು. ಪೆಟ್ರೋಲಿನಲ್ಲಿ ಶುರು, ಬಿಸಿಯಾದ ಮೇಲೆ ಸೀಮೆಎಣ್ಣೆ, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲು. ಬಟ್ಟಲಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನದ ತಣ್ಣನೆಯ ಎಂಜಿನ್ ಹತ್ತಿಕೊಳ್ಳುವುದಿಲ್ಲ. ಸೀಮೆಎಣ್ಣೆ ಪಂಪುಗಳಿಂದ ತೋಟಕ್ಕೆ ನೀರು ಬಿಟ್ಟ ನಮ್ಮ ಹಿರಿಯರಿಗೆ ಈ ಕ್ರಮ ಹೊಸತಲ್ಲ. ಸೀಮೆಎಣ್ಣೆ ಸಿಗುವುದೇ ಕಷ್ಟವಾದಾಗ ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನಿಗೆ ಬದಲಾಗುವ ಮೀನುಗಾರರಿಗೆ ತಲಾ 50,000 ರೂಪಾಯಿ ಸಹಾಯಧನವನ್ನು ರಾಜ್ಯ ಸರಕಾರ 2023ರ ಬಜೆಟ್ಟಿನಲ್ಲಿ ಘೋಷಿಸಿತು.

ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಅಳತೆ ಕಂಪನಿಯ ಪುಸ್ತಕದಲ್ಲಿರುವಂತೆಯೇ ಇರಲಿ. 50ಕ್ಕೆ 1 ಎಂದರೆ ಲೀಟರಿಗೆ 20 ಮಿಲಿಲೀಟರ್, 25ಕ್ಕೆ 1 ಎಂದರೆ 40. ನೀರಿನಿಂದ ತಣಿಯುವ ಔಟ್‌ಬೋರ್ಡಿಗೆ ಟಿಸಿ-ಡಬ್ಲ್ಯೂ3 ಗುರುತಿನ ಎಣ್ಣೆ. ಗಾಳಿಯಿಂದ ತಣಿಯುವ ತೋಟದ ಮೆಷಿನ್ನಿಗೆ ಅದು ಸಲ್ಲದು, ಅದರ ಎಣ್ಣೆ ಬೇರೆ.

ಇನ್ನು ರಿಪೇರಿಯ ಸಮಯ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಬೇಕಾದ್ದು ಮಳೆ ಹಿಡಿಯುವ ಮುಂಚೆ, ಮತ್ತೆ 40-45 ದಿನಕ್ಕೊಮ್ಮೆ. ಆ ಸಮಯ ತಪ್ಪಿದರೆ ನಳ್ಳಿ, ಅಂದರೆ ಎಳೆಯ ಅಡಿಕೆ, ಉದುರುತ್ತದೆ. ಆದ್ದರಿಂದ ಮೆಷಿನ್ನುಗಳನ್ನು ಮೇ ಕೊನೆಗೆ ಬರುವ ಪತ್ತನಾಜೆಯೊಳಗೆ ರಿಪೇರಿಯವರ ಬೆಂಚಿಗೆ ತಲುಪಿಸುವುದು ಒಳ್ಳೆಯದು. ಜೂನ್ ಮೊದಲ ವಾರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪುತ್ತೂರಿನ ಕೃಷಿಯಂತ್ರ ಮೇಳಗಳಲ್ಲಿ ಹೊಸ ಮೆಷಿನ್ನುಗಳ ಮುಂದೆ ಜನ ಕಿಕ್ಕಿರಿಯುತ್ತಾರೆ. ರಿಪೇರಿಯ ಕಸುಬಿಗೂ ಅಂಥ ನೋಟ ಸಿಗಬೇಕು. ಸಹಕಾರಿ ಸಂಘಗಳು ಮೇ ತಿಂಗಳಲ್ಲಿ ಒಂದೊಂದು ದಿನ ಇಂಥ ಒಬ್ಬ ರಿಪೇರಿಯವರನ್ನು ಕರೆಸಿ, ಹಳೆಯ ಕಾರ್ಬೊರೇಟರೊಂದನ್ನು ಮೇಜಿನ ಮೇಲೆ ಬಿಚ್ಚಿಸಿ, ನಮ್ಮ ಹುಡುಗ-ಹುಡುಗಿಯರ ಕೈಯಲ್ಲಿ ಮತ್ತೆ ಕೂಡಿಸಲಿ. ಅದಕ್ಕೆ ಬೇಕಾದ್ದು ಒಂದು ಸ್ಕ್ರೂಡ್ರೈವರು, ಒಂದು ಡಬ್ಬಿ ಸ್ಪ್ರೇ, ಹೊಸ ಡಯಾಫ್ರಾಮು ಮತ್ತು ಬಿಳಿ ಬಟ್ಟೆಯ ತುಂಡು.