ಗೆರೆಯೊಂದು, ಅರ್ಥ ಹಲವು

ಕನ್ನಡನಾಡಿನ ಪ್ರವಾಸಿಯೊಬ್ಬನು ಜಪಾನಿನ ಕ್ಯೋಟೋ ನಗರದಲ್ಲಿ ನಿಂತು ಊರಿನ ನಕಾಶೆಯನ್ನು ಬಿಡಿಸಿದನೆಂದು ಭಾವಿಸೋಣ. ಅಲ್ಲಲ್ಲಿ ಚಿಕ್ಕ ಚಿಕ್ಕ ಸ್ವಸ್ತಿಕಗಳು ಅವನ ಕಣ್ಣಿಗೆ ಬೀಳುತ್ತವೆ. ಅವುಗಳ ಬಾಹುಗಳು ನಮ್ಮ ಸ್ವಸ್ತಿಕಕ್ಕೆ ಎದುರು ದಿಕ್ಕಿಗೆ ತಿರುಗಿದ್ದರೂ ರೂಪವೇನೋ ಪರಿಚಿತವೇ. ಜಪಾನೀಯರು ಅದನ್ನು ‘ಮಾಂಜಿ’ ಎನ್ನುವರು. ನಕಾಶೆಯಲ್ಲಿ ಅದು ಬೌದ್ಧ ದೇವಾಲಯದ ಗುರುತು. ನಮ್ಮವನಿಗೆ ಸಂತೋಷವೇ ಆಗುತ್ತದೆ. ಆದರೆ ಅದೇ ನಕಾಶೆಯನ್ನು ನೋಡಿದ ಯೂರೋಪಿನ ಪ್ರವಾಸಿಯು ಬೆಚ್ಚಿಬೀಳಬಹುದು. 1920ರಲ್ಲಿ ನಾಜಿ ಪಕ್ಷವು ಸ್ವಸ್ತಿಕವನ್ನು ತನ್ನ ಬಾವುಟದ ಮೇಲೆ ಧರಿಸಿತು. ಆ ಬಾವುಟದ ಆಳ್ವಿಕೆಯಲ್ಲಿ ಸುಮಾರು 60 ಲಕ್ಷ ಯೆಹೂದ್ಯರ ಕೊಲೆಯಾಯಿತು. ಆದುದರಿಂದಲೇ 2016ರಲ್ಲಿ ಜಪಾನಿನ ಸರಕಾರಿ ಭೂಮಾಪನ ಸಂಸ್ಥೆಯು, ವಿದೇಶೀಯರ ನಕಾಶೆಗಳಲ್ಲಿ ಮಾಂಜಿಯ ಬದಲು ಪಗೋಡದ ಚಿತ್ರವನ್ನು ಬಳಸಬಹುದೆಂಬ ಸಲಹೆಯನ್ನು ಮುಂದಿಟ್ಟಿತು.

ನಮ್ಮ ಪ್ರವಾಸಿಯು ಅಲ್ಲಿಯ ಶಾಲೆಯೊಂದನ್ನು ಹೊಕ್ಕರೆ ಇನ್ನೊಂದು ಸೋಜಿಗ ಕಾದಿರುತ್ತದೆ. ಉತ್ತರ ಸರಿಯಿದ್ದರೆ ಅಲ್ಲಿಯ ಉಪಾಧ್ಯಾಯರು ಅದರ ಮೇಲೆ ದುಂಡನೆಯ ವೃತ್ತವನ್ನು ಎಳೆಯುವರು. ನಮ್ಮ ವಿದ್ಯಾರ್ಥಿಗಳು ಆಸೆಯಿಂದ ಹುಡುಕುವ ‘ರೈಟು’ ಗುರುತನ್ನು ಅಲ್ಲಿ ಅನೇಕ ವೇಳೆ ತಪ್ಪು ಉತ್ತರಕ್ಕೆ ಹಾಕುವುದುಂಟು!

ಹಾಗಾದರೆ ಅರ್ಥವಿರುವುದೆಲ್ಲಿ? ಗೆರೆಯಲ್ಲಿ ಅಲ್ಲ, ನೋಡುವವನ ಕಲಿಕೆಯಲ್ಲಿ. ಒಂದು ಸಮಾಜದವರು ಒಪ್ಪಿಕೊಂಡು, ಮಕ್ಕಳಿಗೆ ಕಲಿಸಿ, ಬಳಸುತ್ತ ಬಂದಾಗ ಮಾತ್ರ ಗೆರೆಗೆ ಅರ್ಥ ಹುಟ್ಟುತ್ತದೆ. ಪ್ರವಾಸದಲ್ಲಿ ಇದನ್ನು ಮರೆತರೆ ನಗೆಪಾಟಲಾಗಬಹುದು. ಬೇರೆಡೆ ಪ್ರಾಣವೇ ಹೋಗಬಹುದು.

ವಿಕಿರಣದ ಅಪಾಯವನ್ನು ಸೂಚಿಸುವ ಚಿಹ್ನೆಯನ್ನು ನೀವು ನೋಡಿರಬಹುದು: ನಡುವೆ ಒಂದು ಸಣ್ಣ ಬಿಲ್ಲೆ, ಸುತ್ತಲೂ ಮೂರು ಎಸಳು. 1946ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಪ್ರಯೋಗಾಲಯದಲ್ಲಿ ಇದು ಹುಟ್ಟಿತು. ಪರಮಾಣುವಿನಿಂದ ಕಿರಣಗಳು ಹೊಮ್ಮುತ್ತಿವೆ ಎಂಬುದು ರಚಿಸಿದವರ ಭಾವನೆ. ಆದರೆ ಅದನ್ನರಿಯದವನಿಗೆ ಅದು ವಿದ್ಯುತ್ ಪಂಖದಂತೆ ಕಂಡರೆ ಆಶ್ಚರ್ಯವೇನು?

2000ನೆಯ ಇಸವಿಯ ಆರಂಭದಲ್ಲಿ ಥಾಯ್ಲೆಂಡಿನ ಸಮುತ್ ಪ್ರಾಕಾನ್ ಎಂಬಲ್ಲಿ ಗುಜರಿ ಆಯುವವರ ಕೈಗೆ ಹಳೆಯ ಚಿಕಿತ್ಸಾಯಂತ್ರದ ಭಾಗವೊಂದು ಸಿಕ್ಕಿತು. ಅದರೊಳಗೆ ಕೋಬಾಲ್ಟ್-60 ಇದ್ದಿತು. ಮೇಲೆ ಮೂರೆಸಳಿನ ಗುರುತೂ ಇದ್ದಿತು. ಆದರೆ ಅವರಿಗೆ ಅದರ ಅರ್ಥ ತಿಳಿಯದು; ಥಾಯ್ ಭಾಷೆಯಲ್ಲಿ ಎಚ್ಚರಿಕೆಯ ಒಂದು ಮಾತೂ ಇರಲಿಲ್ಲ. ಕೋಬಾಲ್ಟ್-60 ಸೂಸುವ ಗಾಮಾ ಕಿರಣಗಳು ಕಣ್ಣಿಗೆ ಕಾಣವು, ಅವಕ್ಕೆ ವಾಸನೆಯಿಲ್ಲ, ತಾಗಿದಾಗ ನೋವೂ ಆಗದು. ಇಂದ್ರಿಯಗಳು ಕೈಬಿಟ್ಟಲ್ಲಿ ಮನುಷ್ಯನಿಗೆ ಚಿಹ್ನೆಯೊಂದೇ ದಿಕ್ಕು. ಆ ಚಿಹ್ನೆಯು ಅಂದು ಮೂಕವಾಗಿದ್ದಿತು. ಗುಜರಿಯಂಗಡಿಯಲ್ಲಿ ಯಂತ್ರವನ್ನು ಕತ್ತರಿಸಲಾಯಿತು. ಹತ್ತು ಮಂದಿ ಅತಿಯಾದ ವಿಕಿರಣಕ್ಕೆ ಒಳಗಾದರು, ಅವರಲ್ಲಿ ಮೂವರು ಸತ್ತರು.

ಇಂತಹ ದುರಂತಗಳಿಂದ ಪಾಠ ಕಲಿತ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು, ಅಂತರರಾಷ್ಟ್ರೀಯ ಮಾನಕ ಸಂಸ್ಥೆಯೊಡನೆ ಸೇರಿ 2007ರಲ್ಲಿ ಹೊಸ ಚಿಹ್ನೆಯೊಂದನ್ನು ಪ್ರಕಟಿಸಿತು. ಕೆಂಪು ತ್ರಿಕೋನದಲ್ಲಿ ಮೇಲೆ ಹಳೆಯ ಮೂರೆಸಳು, ಅದರಿಂದ ಕೆಳಕ್ಕೆ ಇಳಿಯುವ ಅಲೆಗಳು; ಕೆಳಗೆ ಒಂದು ಕಡೆ ತಲೆಬುರುಡೆ, ಇನ್ನೊಂದು ಕಡೆ ಓಡಿಹೋಗುತ್ತಿರುವ ಮನುಷ್ಯ. ಯಂತ್ರವನ್ನು ಬಿಚ್ಚಲು ಹೊರಟವನಿಗೆ ಕಾಣುವಂತೆ ಅದನ್ನು ಒಳಭಾಗದಲ್ಲಿ ಅಂಟಿಸಬೇಕೆಂದು ವಿಧಿಸಲಾಗಿದೆ. ಇಷ್ಟೊಂದು ಚಿತ್ರಗಳು ಏಕೆ? ಕೆಂಪು ಬಣ್ಣವೊಂದನ್ನೇ ನಂಬುವಂತಿಲ್ಲ. ಅದು ನಮ್ಮಲ್ಲಿ ಕುಂಕುಮದ ಬಣ್ಣ, ಚೀನದಲ್ಲಿ ಮದುವೆಯ ಬಣ್ಣ. ಒಂದು ಗುರುತು ತಿಳಿಯದಿದ್ದರೆ ಮತ್ತೊಂದಾದರೂ ತಿಳಿಯಲಿ ಎಂಬುದು ಉದ್ದೇಶ. ವಿಜ್ಞಾನಿಗಳು ಅಷ್ಟಕ್ಕೇ ತೃಪ್ತರಾಗಲಿಲ್ಲ. ಹನ್ನೊಂದು ದೇಶಗಳಲ್ಲಿ ಜನರಿಗೆ ತೋರಿಸಿ, ಅವರು ಏನೆಂದು ತಿಳಿಯುವರೆಂಬುದನ್ನು ಪರೀಕ್ಷಿಸಿದ ಬಳಿಕವೇ ಅದನ್ನು ಒಪ್ಪಿಕೊಂಡರು.

ನಮಗೆ ಸ್ಪಷ್ಟವಾಗಿರುವುದು ಇತರರಿಗೂ ಸ್ಪಷ್ಟವೆಂದು ಭಾವಿಸದೆ, ಹೋಗಿ ಕೇಳಿ ತಿಳಿಯುವುದೇ ವಿಜ್ಞಾನದ ರೀತಿ. ಪರನಾಡಿಗೆ ಹೋದವನಿಗೂ ಅದೇ ಸರಿಯಾದ ರೀತಿ.