ನಮ್ಮ ನಾನಿಗೆ ತಂತಿ ಯಾಕೆ ಹಾಕಲಿಲ್ಲ?

ಕಳೆದ ವರ್ಷ ಪರೀಕ್ಷೆಯ ದಿನಗಳಲ್ಲಿ ನಾನು ಬೇಗ ಎದ್ದು ಅಕೌಂಟೆನ್ಸಿ ಲೆಕ್ಕ ಮಾಡುತ್ತಿದ್ದೆ. ಅಮ್ಮನ ತಾಯಿ, ಅಂದರೆ ನಮ್ಮ ನಾನಿ, ಫಜ್ರ್ ನಮಾಜ್ ಮುಗಿಸಿ ಬಂದು "ಚಹಾ ಕುಡಿದೆಯಾ?" ಎಂದು ಕೇಳಿ ಮತ್ತೆ ಮಲಗಿದರು. ಆಗ ಗಂಟೆ ಆರು. ಏಳೂವರೆಗೆ ಅಮ್ಮ ಎಬ್ಬಿಸಲು ಹೋದಾಗ ನಾನಿಯ ಬಾಯಿ ಒಂದು ಕಡೆಗೆ ವಾಲಿತ್ತು. ಬಲಗೈ ಏಳುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಮನೆಯಲ್ಲಿ ಎಲ್ಲರೂ "ಫಾಲಿಜ್" ಎಂದು ಅಳತೊಡಗಿದರು. ಕನ್ನಡದಲ್ಲಿ ಇದನ್ನೇ ಲಕ್ವ, ಪಾರ್ಶ್ವವಾಯು ಎನ್ನುತ್ತಾರೆ. ವೈದ್ಯರು ಸ್ಟ್ರೋಕ್ ಎನ್ನುತ್ತಾರೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದು, "ಇವರು ಕೊನೆಯದಾಗಿ ಚೆನ್ನಾಗಿದ್ದದ್ದು ಯಾವಾಗ?" ಮಾಮು "ರಾತ್ರಿ ಹತ್ತಕ್ಕೆ" ಎಂದರು. ನಾನು ಹೆದರುತ್ತಲೇ "ಇಲ್ಲ, ಬೆಳಿಗ್ಗೆ ಆರಕ್ಕೆ ನನ್ನ ಜೊತೆ ಸರಿಯಾಗಿ ಮಾತಾಡಿದರು" ಎಂದೆ. ಆ ಒಂದು ಮಾತಿನಿಂದ ಚಿಕಿತ್ಸೆಯೇ ಬದಲಾಯಿತು ಎಂದು ಆಮೇಲೆ ತಿಳಿಯಿತು.

ಸ್ಟ್ರೋಕ್‌ನಲ್ಲಿ ಎರಡು ವಿಧ. ಹೆಚ್ಚಿನವು ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಆಗುವಂಥವು. ಉಳಿದವು ನಾಳ ಒಡೆದು ರಕ್ತ ಸೋರುವುದರಿಂದ ಆಗುತ್ತವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ಮೊದಲು ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ಹೆಪ್ಪು ಇದ್ದರೆ ಅದನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ರಕ್ತನಾಳದ ಮೂಲಕ ಕೊಡಬೇಕು. ನಾನಿಗೆ ಅದು ಸಿಕ್ಕಿತು. ರಾತ್ರಿ ಹತ್ತರಿಂದ ಲೆಕ್ಕ ಹಾಕಿದ್ದರೆ ಆ ಸಮಯ ಮೀರಿಹೋಗಿರುತ್ತಿತ್ತು.

ಪಕ್ಕದ ಹಾಸಿಗೆಯ ರೋಗಿಯನ್ನು ಇನ್ನೊಂದು ಕೋಣೆಗೆ ಕರೆದೊಯ್ದು, ತೊಡೆಯ ಸಂದಿಯ ರಕ್ತನಾಳದಿಂದ ತೆಳುವಾದ ನಳಿಕೆ ಮತ್ತು ತಂತಿ ತೂರಿಸಿ ಮೆದುಳಿನ ಹೆಪ್ಪನ್ನೇ ಹೊರಗೆ ತೆಗೆದರು. ಇದಕ್ಕೆ ಥ್ರಾಂಬೆಕ್ಟಮಿ ಎಂದು ಹೆಸರು. "ನಮ್ಮ ಅಮ್ಮನಿಗೆ ಯಾಕಿಲ್ಲ? ಹಣದ ವಿಷಯವೇ?" ಎಂದು ಅಮ್ಮ ಕೇಳಿದರು. ಹಣದ ವಿಷಯ ಅಲ್ಲ ಎಂದ ಡಾಕ್ಟರ್, ಆಂಜಿಯೋಗ್ರಾಮ್ ಚಿತ್ರ ತೋರಿಸಿದರು. ನಾನಿಯ ಹೆಪ್ಪು ಇದ್ದದ್ದು ದೂರದ ಸಣ್ಣ ಕವಲಿನಲ್ಲಿ. ತಂತಿ ಹೆಚ್ಚು ಉಪಯೋಗಕ್ಕೆ ಬರುವುದು ದೊಡ್ಡ ರಕ್ತನಾಳ ಮುಚ್ಚಿದಾಗ.

ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಇದು ಲಾಭ-ನಷ್ಟದ ಲೆಕ್ಕದಂತೆ ಕಂಡಿತು. ತಂತಿಯಿಂದ ನಾಳಕ್ಕೆ ಪೆಟ್ಟಾಗಬಹುದು, ರಕ್ತಸ್ರಾವ ಆಗಬಹುದು. ಲಾಭ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಮಾಡಬೇಕು. ಆದ್ದರಿಂದ ಹೆಪ್ಪು ಎಲ್ಲಿದೆ, ತೊಂದರೆ ಎಷ್ಟು ತೀವ್ರ, ಮೆದುಳಿನ ಎಷ್ಟು ಭಾಗ ಇನ್ನೂ ಉಳಿಸಬಹುದು, ರೋಗಿ ಮೊದಲು ಹೇಗಿದ್ದರು, ಎಷ್ಟು ಹೊತ್ತಾಯಿತು ಎಂದು ನೋಡುತ್ತಾರೆ. ಸಾಮಾನ್ಯ ಮಿತಿ 6 ಗಂಟೆ. ಸ್ಕ್ಯಾನ್‌ನಲ್ಲಿ ಉಳಿಸಬಹುದಾದ ಭಾಗ ಕಂಡರೆ ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಮಾಡುತ್ತಾರೆ.

ಆಯ್ಕೆ ಎಷ್ಟು ಮುಖ್ಯ ಎಂಬುದಕ್ಕೆ ಇತಿಹಾಸವೇ ಸಾಕ್ಷಿ. 2013ರಲ್ಲಿ ಪ್ರಕಟವಾದ ಮೂರು ಅಧ್ಯಯನಗಳಲ್ಲಿ ಈ ರೀತಿಯ ಚಿಕಿತ್ಸೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲ. 2015ರಲ್ಲಿ ನೆದರ್‌ಲ್ಯಾಂಡ್ಸ್‌ನ ಅಧ್ಯಯನ ಸೇರಿ ಐದು ಅಧ್ಯಯನಗಳು ಗೆದ್ದವು. ಅವುಗಳಲ್ಲಿ ಹೊಸ ಉಪಕರಣಗಳಿದ್ದವು. ಜೊತೆಗೆ ದೊಡ್ಡ ನಾಳ ಮುಚ್ಚಿರುವುದನ್ನು ಮೊದಲೇ ಖಚಿತ ಮಾಡಿಕೊಂಡಿದ್ದರು. ಆ ಐದನ್ನೂ ಸೇರಿಸಿ ನೋಡಿದಾಗ, ಸ್ವತಂತ್ರವಾಗಿ ಬದುಕುವಷ್ಟು ಚೇತರಿಸಿಕೊಂಡವರು ತಂತಿ ಚಿಕಿತ್ಸೆಯಲ್ಲಿ 100ಕ್ಕೆ 46 ಮಂದಿ, ಅದಿಲ್ಲದೆ ಸುಮಾರು 26 ಮಂದಿ.

ಗೆಳೆಯರೇ, ಚಿಕಿತ್ಸೆಯನ್ನು ಆರಿಸುವವರು ವೈದ್ಯರು. ಆದರೆ ಸಮಯ ಹೇಳಬೇಕಾದವರು ನಾವು. ಮುಖ ವಾಲಿದರೆ, ಕೈ ಸೋತರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಿ. ಎಣ್ಣೆ ತಿಕ್ಕುತ್ತಾ ಕೂರಬೇಡಿ, ನೀರು ಕುಡಿಸಬೇಡಿ, ಗಂಟಲಿಗೆ ಸಿಕ್ಕಿಕೊಳ್ಳಬಹುದು. ಅವರು ಕೊನೆಯದಾಗಿ ಚೆನ್ನಾಗಿದ್ದ ಗಂಟೆಯನ್ನು ಚೀಟಿಯಲ್ಲಿ ಬರೆದುಕೊಳ್ಳಿ.

ನಾನಿ ಈಗ ಕೋಲು ಹಿಡಿದು ನಡೆಯುತ್ತಾರೆ. ಮಾತು ಸ್ವಲ್ಪ ನಿಧಾನ. ಆದರೂ ಬೆಳಿಗ್ಗೆ ನಾನು ಓದಲು ಕೂತರೆ, ಚಹಾ ಕುಡಿದೆಯಾ ಎಂದು ಕೇಳುವುದನ್ನು ಬಿಟ್ಟಿಲ್ಲ.